ಹದಿನಾಲ್ಕನೇ ಕಾಲಮ್ಮಿನಲ್ಲಿ ಬರೆದುಕೊಟ್ಟ ಬೀಗದಕೈ

ಮಾನ್ಯರೇ,

ಮಾಹಿತಿ ಸುರಕ್ಷತಾ ಉದ್ಯಮ ನೀತಿಯನ್ನು ಜಾರಿ ಮಾಡುವ ಕುರ್ಚಿಯಲ್ಲಿ ಕೂತಿರುವ ನಿಮಗೆ ಮೊಳಕಾಲ್ಮೂರಿನ ನೇಕಾರರ ಬೀದಿಯಿಂದ ಒಂದು ದೂರು. ನಿಮ್ಮ ಕಚೇರಿಯ ದೆಸೆಯಿಂದ ನಮ್ಮ ಬೀದಿಯಲ್ಲಿ ಸೀರೆ ನೇಯುವ ಸಿದ್ದಕ್ಕನ ಸೆರಗಿನ ಡಿಸೈನು ಕಳುವಾಗಿದೆ. ಈಗ ಆಕೆಯೇ ಕಳ್ಳಿ ಅನ್ನಿಸಿಕೊಂಡಿದ್ದಾಳೆ.

ನಿಮ್ಮ ನೀತಿಯಲ್ಲಿ ಬೆಂಗಳೂರಿನ ಕಂಪನಿಗಳಿಗೆ ಜಮೀನು, ತೆರಿಗೆ ವಿನಾಯಿತಿ, ಹಗಲೂ ರಾತ್ರಿ ಕರೆಂಟು. ನಮಗೆ ಒಂದು ಅರ್ಜಿ. ಕಾವಲು ಕಾಯುವವನದು ಉದ್ಯಮ, ಕಾವಲು ಬೇಕಾದ ಮಗ್ಗ ಉದ್ಯಮವಲ್ಲವೇ? ಅಂಥ ಕಂಪನಿಯೊಂದು ನಡೆಸುವ ಜಾಲತಾಣದಲ್ಲಿ ನಮ್ಮ ನೇಕಾರರ ಸಂಘದ ಡಿಸೈನುಗಳನ್ನು ಇಟ್ಟರೆ ಮಾತ್ರ ಸಹಾಯಧನ ಎಂದಿರಿ, ಇಟ್ಟೆವು. ಅರ್ಜಿಯ ಹದಿನಾಲ್ಕನೇ ಕಾಲಮ್ಮಿನಲ್ಲಿ ಆ ಜಾಲತಾಣದ ಪಾಸ್‌ವರ್ಡ್ ಬರೆಯಿರಿ ಎಂದಿರಿ. ಸುರಕ್ಷತೆಯ ಅರ್ಜಿಯಲ್ಲಿ ಬೀಗದಕೈ ಕೇಳಿದ ಮೇಧಾವಿ ಯಾರು ಸ್ವಾಮಿ? ಸಂಘದ ಕಾರ್ಯದರ್ಶಿ ರಾಜಣ್ಣ ಪೆನ್ನು ಹಿಡಿದು ಅನುಮಾನಿಸಿದ. ಸಿದ್ದಕ್ಕನೇ ಗದರಿದಳು: "ಬರಿಯಪ್ಪ, ಬೀದಿಗೆಲ್ಲ ಗೊತ್ತಿರೋದು ಸರ್ಕಾರಕ್ಕೆ ಗೊತ್ತಾದ್ರೆ ಏನಾಗ್ತೈತೆ? ಸರ್ಕಾರದೋರೇನು ಕುಂತು ಸೀರೆ ನೇಯ್ತಾರಾ?"

ನಮ್ಮಲ್ಲಿ ಹೊಸ ಡಿಸೈನು ತೆಗೆದವರು ಮುಂದಿನ ಯುಗಾದಿಯವರೆಗೆ ಅದನ್ನು ಒಬ್ಬರೇ ನೇಯುತ್ತಾರೆ. ಪಕ್ಕದ ಮನೆಯವರು ನೋಡುತ್ತಾರೆ, ಮುಟ್ಟುವುದಿಲ್ಲ. ಹಾಗಾಗಿ ಇಡೀ ಬೀದಿಗೆ ಒಂದೇ ಪಾಸ್‌ವರ್ಡ್. ನಿಮ್ಮನ್ನೂ ಬೀದಿಯವರೆಂದು ನಂಬಿದ್ದು ನಮ್ಮ ತಪ್ಪು. ನೀವು ಪಾರದರ್ಶಕತೆಯ ಹೆಸರಿನಲ್ಲಿ ಅರ್ಜಿಗಳ ಪಟ್ಟಿಯನ್ನು ಹದಿನಾಲ್ಕನೇ ಕಾಲಮ್ಮಿನ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸಿದಿರಿ.

ಎರಡೇ ತಿಂಗಳು. ಸಿದ್ದಕ್ಕನ ಶೇಂಗಾ ಬಳ್ಳಿಯ ಸೆರಗು ಪವರ್‌ಲೂಮಿನಲ್ಲಿ ತಯಾರಾಗಿ ಚಳ್ಳಕೆರೆಯ ಅಂಗಡಿಯಲ್ಲಿ ತೂಗಾಡಿತು. ಆಕೆ ತನ್ನ ಕೈಮಗ್ಗದ ಸೀರೆ ಒಯ್ದಾಗ ಅಂಗಡಿಯ ತೋಟಪ್ಪ ಬಿಚ್ಚಿಯೂ ನೋಡಲಿಲ್ಲ.

"ಮಿಷನ್ನಿಂದು ಮೊದ್ಲು ಬಂತು, ನಿಂದು ಆಮೇಲೆ. ಯಾರದನ್ನ ಯಾರು ಕದ್ದಂಗಾತವ್ವ?"

"ನಂದೇ ಕಣಣ್ಣ. ಗೆರೆ ಗೆರೆ ನಾನೇ ಬರ್ದೀನಿ."

"ಪುರಾವೆ ಐತಾ? ಇದ್ರೆ ತಗೊಂಬಾ. ಇಲ್ದಿದ್ರೆ ನಿಮ್ಮ ಬೀದಿ ಸೀರೆನೇ ನಂಗೆ ಬ್ಯಾಡ."

ಪುರಾವೆ ಇದೆ. ಅದು ನಿಮ್ಮ ಬೀರುವಿನಲ್ಲಿದೆ. ಅರ್ಜಿಯ ಜೊತೆ ಆ ಸೆರಗಿನ ಡಿಸೈನು ಬರೆದ, ಸಿದ್ದಕ್ಕನ ಹೆಸರಿದ್ದ ಗ್ರಾಫ್ ಹಾಳೆ ಲಗತ್ತಿಸಿದ್ದೆವು, ಅದರ ಮೇಲೆ ನಿಮ್ಮ ಸ್ವೀಕೃತಿ ಸೀಲು, ತಾರೀಕು. ದೃಢೀಕೃತ ಪ್ರತಿ ಕೇಳಿದರೆ ಮೂರು ಸಲವೂ ಒಂದೇ ಉತ್ತರ: "ಸುರಕ್ಷತಾ ನೀತಿಯ ಕಡತಗಳು ಗೌಪ್ಯ." ಪಾಸ್‌ವರ್ಡ್ ಬೋರ್ಡಿಗೆ, ಪುರಾವೆ ಬೀಗದೊಳಗೆ. ಇದು ಯಾರ ಸುರಕ್ಷತೆ? ಕದ್ದವನದೋ, ಕಳೆದುಕೊಂಡವಳದೋ?

ಬರುವ ಸೋಮವಾರದೊಳಗೆ ಆ ಹಾಳೆಯ ಪ್ರತಿ ಸಿದ್ದಕ್ಕನ ಕೈ ಸೇರಬೇಕು. ಹದಿನಾಲ್ಕನೇ ಕಾಲಮ್ಮನ್ನು ತೆಗೆದುಹಾಕಬೇಕು. ಕೊಡದಿದ್ದರೆ ಮಂಗಳವಾರ ಬೀದಿಗೆ ಬೀದಿಯೇ ಬಂದು ನಿಮ್ಮ ಕಚೇರಿಯ ಬಾಗಿಲಲ್ಲಿ ಮಗ್ಗ ಹೂಡುತ್ತೇವೆ. ಸಿದ್ದಕ್ಕ ಆ ಸೆರಗನ್ನು ಹಾಳೆ ನೋಡದೆ ನಿಮ್ಮೆದುರೇ ನೇಯುತ್ತಾಳೆ. ಅದು ಯಾರದೆಂದು ಆಗ ನೀವೇ ಸೀಲು ಹೊಡೆಯಿರಿ.

ಇಂತಿ,
ನಿಮ್ಮ ಅರ್ಜಿಗೆ ಓದದೆ ಸಾಕ್ಷಿ ಸಹಿ ಹಾಕಿದ ತಪ್ಪಿತಸ್ಥ,
ಚಿಕ್ಕೀರಪ್ಪ
ನೇಕಾರರ ಬೀದಿ, ಮೊಳಕಾಲ್ಮೂರು, ೨೦೦೪