ನಿಮ್ಮಣ್ಣಗ ನಾ ಹಿಡಿದ ವಕೀಲರು

ಶಿವಪುತ್ರಾ,

ಕ್ಯಾಂಪ್ ಏರಿಯಾದ ವಕೀಲ ಮೇಡಮ್ಮರನ್ನೇ ಹಿಡದೀನಿ. ವಕಾಲತ್ತಿಗೆ ನಿಮ್ಮಣ್ಣನ ಸಹಿ ತಗೊಳ್ಳಾಕ ಅವರ ಜೋಡಿ ಜೈಲಿಗೆ ಹೊಂಟೀನಿ. ಸಿಟ್ಟಾಗಬ್ಯಾಡ.

ನೀ ಹೇಳಿದ ಸದಾಶಿವ ಪೇಠದವರು ದೊಡ್ಡ ವಕೀಲರು, ಇಲ್ಲ ಅನ್ನಂಗಿಲ್ಲ. ಎರಡು ದಿನದಾಗ ಬಿಡಿಸಿಕೊಂಡು ಬರ್ತೀನಿ ಅಂದರು. ನಿಮ್ಮಣ್ಣನ ಹೆಸರು ಸುದ್ದಾ ಕೇಳಲಿಲ್ಲ.

ಮೇಡಮ್ಮರು ಹಂಗೇನೂ ಮಾತು ಕೊಡಲಿಲ್ಲ. "ಸೈಟಿನ ವೈರ್ ಕದ್ದೀನಿ ಅಂತ ಗುತ್ತಿಗೆದಾರ ಬರದ ಮರಾಠಿ ಕಾಗದಕ್ಕ ಯಾಕ ಸಹಿ ಹಾಕಿದ್ರು?" ಅಂತ ಕೇಳಿದರು. "ಮರಾಠಿ ಓದಾಕ ಬರಂಗಿಲ್ರಿ, ಹೆದರಿ ಹಾಕ್ಯಾರ" ಅಂದೆ. "ಹಂಗಾದರ ಅವರ ಬಾಯಿಂದನ ಕನ್ನಡದಾಗ ಕೇಳ್ತೀನಿ" ಅಂದರು. ಮೇಡಮ್ಮರ ತಾಯಿ ಆಳಂದದವರಂತ, ಅದಕ್ಕ ಕನ್ನಡ ಬರ್ತದ.

ಒಳಗ ಹಾಕಿ ಹದಿನೇಳು ದಿನ ಆತು, ನಿಮ್ಮಣ್ಣನ ಜೋಡಿ ಕನ್ನಡದಾಗ ಯಾರು ಮಾತಾಡ್ಯಾರ ಹೇಳು?

ಅವ್ವಗ ಗುಳಿಗಿ ಕೊಡು, ಮರೀಬ್ಯಾಡ. ಪಲ್ಯ ಮಾಡಿಟ್ಟೀನಿ. ಗೂಟಕ್ಕಿರೋ ನಿಮ್ಮಣ್ಣನ ಅಂಗಿ ಒಗ್ಯಾಕ ಬಕೀಟಿನಾಗ ಹಾಕಬ್ಯಾಡ, ಅದು ಹಂಗ ಇರಲಿ.

ಇವತ್ತು ವಕೀಲರಿಗೆ ಅಷ್ಟ ಭೆಟ್ಟಿ, ನಾ ಗೇಟಿನ ಹೊರಗ ನಿಂದರಬೇಕು. "ನಿಮ್ಮ ಮನಿಯವರಿಗೆ ಏನು ಹೇಳಲಿ?" ಅಂತ ಮೇಡಮ್ಮರು ನನ್ನ ಕೇಳಿದರು. ಮನಸಿನ್ಯಾಗ ಎಷ್ಟೋ ಇತ್ತು.

"ಉಂಡ್ರೇನು ಅಂತ ಕೇಳ್ರಿ" ಅಂದೆ.

ವೈನಿ