ಎಂಟು ಗಂಟೆಯ ಮೋಟಾರು

ಹೊನ್ನವಳ್ಳಿ
೨೧ ಏಪ್ರಿಲ್ ೨೦೨೪

ಚಿ. ಇಂಪನಾಳಿಗೆ ತಾಯಿಯ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ನೀನು ಮುನಿದು ತುರುವೇಕೆರೆಯ ಚಿಕ್ಕಮ್ಮನ ಮನೆಗೆ ಹೋಗಿ ಹದಿನೆಂಟು ದಿನಗಳಾದವು. ಕರೆ ಮಾಡಿದರೆ ಎತ್ತುವುದಿಲ್ಲ. ಬರೆಯೋಣವೆಂದರೆ ನನ್ನಲ್ಲಿ ಹೇಳತಕ್ಕ ಮಾತಿರಲಿಲ್ಲ. ತಡವಾದುದಕ್ಕೆ ಕ್ಷಮೆಯಿರಲಿ.

ನೀನು ಎಸೆದುಹೋದ ಎಲೆಕ್ಟ್ರಾನಿಕ್ ಬೋರ್ಡನ್ನು ನಾನು ಗುಜರಿಗೆ ಹಾಕಲಿಲ್ಲ. ಕೊಬ್ಬರಿ ವ್ಯಾಪಾರಿ ರೇಣುಕಪ್ರಸಾದರು ತಮ್ಮ ಅಟ್ಟದ ತೇವ ಅಳೆಯುವ ಯಂತ್ರ ಬೇಡವೆಂದ ಮಾತ್ರಕ್ಕೆ ನಾಲ್ಕು ತಿಂಗಳ ದುಡಿಮೆ ಕಸವಾಗುವುದಿಲ್ಲ. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳಿಗೆ ಅಂಗೈಯಗಲದ ವಸ್ತು ಎಷ್ಟರದು ಎಂದುಕೊಂಡು ನಿನ್ನ ನೋಟ್‌ಪುಸ್ತಕ ತೆರೆದು ಕುಳಿತೆ. ಒಂದು ವಾಕ್ಯಕ್ಕೂ ಕ್ರಿಯಾಪದವಿಲ್ಲ! ಅದಿರಲಿ.

ನೀನು ಬರೆದಂತೆಯೇ ತಂತಿ ಜೋಡಿಸಿ, ಕಂಪ್ಯೂಟರಿನ ಪರದೆಯ ಮೇಲೆ ಕಣ್ಣಿಟ್ಟೆ. ಬೋರ್ಡನ್ನು ನಡೆಸಲು ನೀನು ಹೊಂದಿಸಿದ ಮೂಲ ತಂತ್ರಾಂಶ, ಆ ನಿನ್ನ ಕರ್ನಲ್, ಏಳುತ್ತದೆ, ಸಾಲು ಸಾಲಾಗಿ ವರದಿ ಒಪ್ಪಿಸುತ್ತದೆ. ಮೆಮೊರಿ ಕಾರ್ಡನ್ನು ಓದತೊಡಗಿದೊಡನೆ ಪರದೆ ಬರಿದಾಗಿ, ಮತ್ತೆ ಮೊದಲ ಸಾಲು. ಐದು ದಿನವೂ ಇದೇ. ಕಾರ್ಡು ಬದಲಿಸಿದೆ. ನಿನ್ನ ಹಳೆಯ ಕರ್ನಲನ್ನೂ ಹಾಕಿದೆ. ಅದೂ ಅಲ್ಲಿಯೇ ಮುಗ್ಗರಿಸಿತು. ಮಗ್ಗಿ ತಪ್ಪಿದ ಮಗುವನ್ನಾದರೂ ಗದರಬಹುದು, ಇದನ್ನೇನು ಮಾಡುವುದು? ಆರನೆಯ ದಿನ ಮೇಜನ್ನೇ ಗುದ್ದಿದೆ.

ತೋಟದ ಹುಚ್ಚರಂಗಯ್ಯ ಬಾಗಿಲಲ್ಲಿ ನಿಂತು ನಕ್ಕ. "ಅದ್ಯಾಕವ್ವ ಆ ಡಬ್ಬಿ ಜೊತೆ ಗುದ್ದಾಡ್ತೀರ? ಮೋಟ್ರು ಹಾಕಿವ್ನಿ ಕಣ್ರವ್ವ, ಟ್ಯೂಬ್‌ಲೈಟೇ ಮಿಣಮಿಣ ಅಂತೈತೆ. ಹೊಟ್ಟೆಗಿಲ್ದೆ ಅದು ಹೆಂಗೆ ಎದ್ದಾತು?"

"ಇದು ಮೋಟಾರಿನ ವಿಷಯವಲ್ಲ, ಹುಚ್ಚರಂಗಯ್ಯ."

"ಆಯ್ತು ಬುಡಿ. ಆರಿಸಿ ಬತ್ತೀನಿ, ಆಮೇಕೆ ಬಯ್ರಿ."

ಮೋಟಾರು ನಿಂತಿತು. ಕರ್ನಲ್ ಆ ಸಾಲನ್ನು ದಾಟಿತು, ಕೊನೆಯವರೆಗೆ ಓಡಿತು, ಯಾರು ನೀವೆಂದು ಹೆಸರು ಕೇಳುತ್ತ ನಿಂತಿತು. ಮತ್ತೆ ಮೋಟಾರು ಹಾಕಿಸಿದೆ, ಬಿದ್ದಿತು. ಆರಿಸಿದೆ, ಎದ್ದಿತು. ಮೂರು ಸಲ ಪರೀಕ್ಷಿಸಿದೆ.

ಮನೆಯ ಒಂದೇ ಫೇಸಿನ ವಿದ್ಯುತ್ತಿಗೆ ಕಂಡೆನ್ಸರ್ ಹಾಕಿ ಕೊಳವೆಬಾವಿಯ ಮೋಟಾರು ಓಡಿಸುವುದರಿಂದ ವೋಲ್ಟೇಜು ಕುಸಿಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನೀರು ಬಿಡಬೇಕೆಂಬುದು ನನ್ನ ಕಟ್ಟಳೆ. ನೀನು ಕೆಲಸಕ್ಕೆ ಕೂರಬೇಕಾದ ಹೊತ್ತೂ ಅದೇ, ಅದೂ ನನ್ನದೇ ಕಟ್ಟಳೆ. ಈ ಆರು ದಿನ ನಾನು ಕೂತದ್ದೂ ಆ ಹೊತ್ತಿಗೇ. ನಿನ್ನ ಕರ್ನಲಿನಲ್ಲಿ ದೋಷವೇ ಇರಲಿಲ್ಲ. "ಅಲಕ್ಷ್ಯದ ಕೆಲಸ" ಎಂದು ಅಂದು ನಾನಂದದ್ದು ತಪ್ಪು.

ಬೋರ್ಡನ್ನು ಒಣಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಬಂದು ತೆಗೆದುಕೊಂಡು ನೀನೇ ರೇಣುಕಪ್ರಸಾದರಿಗೆ ತೋರಿಸು. ಹಿಡಿದ ಕೆಲಸ ಕೈಗೂಡಲಿ, ಆಯುಷ್ಯ ಆರೋಗ್ಯ ನಿನ್ನದಾಗಲಿ.

ನಿನ್ನ ತಾಯಿ,
ಗುರುಸಿದ್ದಮ್ಮ

ಪುನಶ್ಚ: ಬೋರ್ಡು ತೋರಿಸಲು ಹೋದರೆ ನಿನಗೆ ತಿಳಿದೇ ತಿಳಿಯುತ್ತದೆ, ಅದಕ್ಕೆ ಮೊದಲು ನನ್ನಿಂದ ತಿಳಿಯಲಿ. ರೇಣುಕಪ್ರಸಾದರು ತಾವಾಗಿ ಬೇಡವೆನ್ನಲಿಲ್ಲ. ಗುರುಸಿದ್ದಮ್ಮನ ಮಗಳು ಸೋತಳೆಂದು ಊರು ಆಡಿಕೊಳ್ಳುವ ಮೊದಲೇ, ನೀನು ಸ್ನಾನಕ್ಕೆ ಹೋಗಿದ್ದಾಗ ನಾನೇ ಕರೆ ಮಾಡಿ, ಇದು ಅವಳಿಂದಾಗದು, ಬೇರೆಯವರನ್ನು ನೋಡಿಕೊಳ್ಳಿ ಎಂದೆ. "ಇನ್ನೊಂದು ತಿಂಗ್ಳು ಕಾಯ್ತೀನಿ ಬುಡಿ ಮೇಡಂ, ಹುಡ್ಗಿ ಮಾಡ್ತಾಳೆ" ಎಂದು ಅವರು ಎರಡು ಸಲ ಹೇಳಿದರು. ನಾನು ಒಪ್ಪಲಿಲ್ಲ.