ಮೂವತ್ತೊಂದು ಹಾಡಿನ ಜರ್ಮನ್

೪ ಆಗಸ್ಟ್ ೧೯೧೪, ಮಂಗಳವಾರ. ಸಂಜೆ

ಇವತ್ತಿಗೆ ಮೂವತ್ತೊಂದು ಹಾಡು. ರೀಗರ್ ದೊರೆಸಾನಿ ಹಾರ್ಮೋನಿಯಂ ನುಡಿಸುತ್ತ ಹಾಡಿದರು, ನಾನು ಅವರ ಹಿಂದೆಯೇ ಹೇಳಿದೆ. ‘ಫ್ಲ್ಯೂಗೆಲ್’ ಎಂಬ ಶಬ್ದಕ್ಕೆ ನಾಲಿಗೆ ತಿರುಗಲಿಲ್ಲ. ನಕ್ಕರು. ಸ್ಲೇಟಿನಲ್ಲಿ ಹಕ್ಕಿಯ ರೆಕ್ಕೆ ಬರೆದು ತೋರಿಸಿದರು. ಅವರಿಗೆ ಇಂಗ್ಲಿಷ್ ಬಾರದು. ಕನ್ನಡ ನಾಲ್ಕೈದು ಶಬ್ದ. ನಮ್ಮ ನಡುವೆ ಹಾಡು ಮತ್ತು ಸ್ಲೇಟು ಬಿಟ್ಟರೆ ಬೇರೆ ಭಾಷೆ ಇಲ್ಲ.

ಎರಡು ವರ್ಷವಾಯಿತು. ಅವರ ಗಂಡ, ಹಂಚಿನ ಕಾರ್ಖಾನೆಯ ಇಂಜಿನಿಯರ್ ರೀಗರ್ ದೊರೆ, ಜರ್ಮನ್ ಕಲಿತರೆ ಯಾರ್ಡಿನ ಕೆಲಸದಿಂದ ತೆಗೆದು ಮಿಶಿನ್ ರೂಮಿನ ಲೆಕ್ಕ ಬರೆಯುವ ರೈಟರ್ ಮಾಡುತ್ತೇನೆ ಎಂದಿದ್ದರು. ಕಲಿತದ್ದು ಎಂತ? ಚಂದ್ರ, ತಾಯಿ, ಸಮುದ್ರ, ಹೃದಯ, ದೂರ. ಕುಡಿಯಲು ನೀರು ಕೇಳಲು ಬರುವುದಿಲ್ಲ. ಚಂದ್ರನನ್ನು ಕರೆಯಬಲ್ಲೆ.

೧೧ ಆಗಸ್ಟ್

ಇಂಗ್ಲಿಷರಿಗೂ ಜರ್ಮನಿಗೂ ಯುದ್ಧ. ಬಂಗಲೆಯ ಗೇಟಿನಲ್ಲಿ ಪೊಲೀಸ್ ಪೇದೆ ಕೂತಿದ್ದಾನಂತೆ. ಅರ್ಧ ದಾರಿಯಿಂದ ಹಿಂದೆ ಬಂದೆ. ಹೆಂಡತಿ ದೇಯಿ, ದೊರೆಸಾನಿ ಬರೆದುಕೊಟ್ಟ ಹಾಡಿನ ಪುಸ್ತಕ ತೆಗೆದು ಅಕ್ಕಿಮುಡಿಯ ಹಿಂದೆ ಇಟ್ಟಳು. ನಾನು ಹೇಳಿರಲಿಲ್ಲ.

೨೫ ಸೆಪ್ಟೆಂಬರ್

ಜರ್ಮನ್ ಹಡಗು ಮದ್ರಾಸಿಗೆ ಗುಂಡು ಹಾರಿಸಿದೆ. ಎಣ್ಣೆಯ ಟಾಂಕಿಗಳು ಹೊತ್ತಿ ಉರಿದವಂತೆ. ಎಮ್ಡನ್ ಎಂದು ಹೆಸರು. ಬಂದರಿನಲ್ಲಿ ಜನ ಗಾಡಿ ಕಟ್ಟಿ ಹೊರಟಿದ್ದಾರೆ — ಬಂಟ್ವಾಳಕ್ಕೆ, ಪುತ್ತೂರಿಗೆ. ಯಾವ ಹಾಯಿ ಕಂಡರೂ ಬೊಬ್ಬೆ.

ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದೆ. ಆಚೆಮನೆಯ ಮೂಸಬ್ಬ ಬೇಲಿಯ ಹತ್ತಿರ ಬಂದರು.

“ನೀನು ಈಗ ಎಂತ ಗುನುಗಿದ್ದು ಗೊತ್ತುಂಟಾ?”

ಗೊತ್ತಿರಲಿಲ್ಲ.

“ಅದೇ ದೊರೆಸಾನಿಯ ಹಾಡು. ಬಾಯಿ ಮುಚ್ಚು ಮಾರಾಯ. ನಾನು ಕೇಳಿದ್ದಕ್ಕಾಯಿತು. ಬೇರೆಯವರು ಕೇಳಿದ್ದರೆ?”

ಮೈಮೇಲೆ ಸೋಪು ಒಣಗುವವರೆಗೂ ಅಲ್ಲೇ ನಿಂತಿದ್ದೆ.

೧೨ ಅಕ್ಟೋಬರ್, ಸೋಮವಾರ

ಪೊಲೀಸ್ ಕಚೇರಿಯಿಂದ ಕರೆ. ಹೆಡ್ ಗುಮಾಸ್ತೆ ಇಸಿದೋರ್ ಪೊರ್ಬುಗಳು ಒಳಗೆ ಕರೆದೊಯ್ದರು. ಒಳ್ಳೆಯವರು, ನಮ್ಮ ಅತ್ತಾವರದವರೇ.

“ಇವರಿಗೆ ಜರ್ಮನ್ ಬರ್ತದೆ ಸರ್,” ಎಂದರು. ಉಪಕಾರ ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದು.

ಇನ್ಸ್‌ಪೆಕ್ಟರ್ ಕೇಳಿದರು, “ಹೌದಾ?”

“ಇಲ್ಲ ಸರ್. ಸ್ವಲ್ಪ ಹಾಡು ಮಾತ್ರ—”

“ಎರಡು ವರ್ಷ ಪ್ರತಿ ಮಂಗಳವಾರ ಆ ಬಂಗಲೆಗೆ ಹೋಗಿದ್ದೀರಿ. ಭಾಷೆ ಕಲಿಯಲಿಕ್ಕೆ ಅಲ್ಲದಿದ್ದರೆ ಮತ್ತೆ ಎಂತಕ್ಕೆ?”

ಎರಡೇ ಬಾಗಿಲು. ಬರುತ್ತದೆ ಎಂದರೆ ಕೆಲಸ. ಬರುವುದಿಲ್ಲ ಎಂದರೆ ಲಾಕಪ್.

“ಬರ್ತದೆ ಸರ್,” ಎಂದೆ.

ಜರ್ಮನರು ಊರಿಗೆ ಬರೆಯುವ ಕಾಗದಗಳನ್ನು ನಾನು ಓದಿ, ಕೆಟ್ಟದ್ದು ಇದ್ದರೆ ಗುರುತು ಹಾಕಬೇಕು. ಕೆಂಪು ಪೆನ್ಸಿಲು ಕೊಟ್ಟರು.

೨೦ ಅಕ್ಟೋಬರ್

ಹನ್ನೊಂದು ಕಾಗದ. ಕೈಬರಹವೇ ತಿಳಿಯುವುದಿಲ್ಲ. ಇರುವೆ ಸಾಲಿನಂತೆ ಕಾಣುತ್ತದೆ. ಒಂದೊಂದರ ಮುಂದೆಯೂ ಕಾಲು ಗಂಟೆ ಕೂತೆ, ಓದುವವನ ಹಾಗೆ ಹಾಳೆ ತಿರುಗಿಸಿದೆ. ಎಲ್ಲದಕ್ಕೂ ‘ಕ್ಷೇಮಸಮಾಚಾರ’ ಎಂದು ಬರೆದೆ. ಅದರಲ್ಲಿ ಬಂದರಿನ ನಕ್ಷೆಯ ವಿವರ ಇದ್ದರೂ ನನಗೆ ತಿಳಿಯುತ್ತಿರಲಿಲ್ಲ.

ರೀಗರ್ ದೊರೆಯನ್ನು, ಉಳಿದ ಜರ್ಮನ್ ಗಂಡಸರನ್ನು ಸೆರೆಯ ಕ್ಯಾಂಪಿಗೆ ಒಯ್ದರು. ದೊರೆಸಾನಿ ಒಬ್ಬರೇ.

೩ ನವೆಂಬರ್. ಬೆಳಿಗ್ಗೆ

ಇವತ್ತಿನ ಕಟ್ಟಿನಲ್ಲಿ ದೊರೆಸಾನಿಯ ಕಾಗದ. ಇದು ಮಾತ್ರ ಓದಲು ಬರುತ್ತದೆ — ಹಾಡು ಬರೆದುಕೊಟ್ಟ ಕೈ ಅಲ್ಲವೇ. ಎರಡು ಪುಟದಲ್ಲಿ ತಿಳಿದದ್ದು ನಾಲ್ಕೇ ಶಬ್ದ. ಹಡಗು. ರಾತ್ರಿ. ದೀಪ. ಸಮುದ್ರ.

ಇಪ್ಪತ್ತು ಸಲ ನೋಡಿದೆ. ಅವೇ ನಾಲ್ಕು.

ಅವರ ಬಂಗಲೆ ಗುಡ್ಡದ ಮೇಲೆ. ಕಡಲು ಕಾಣುತ್ತದೆ. ಅಲ್ಲಿ ದೀಪ ಇಟ್ಟರೆ ಹಡಗಿಗೂ ಕಾಣುತ್ತದೆ.

ಸಂಜೆ

ಗೆರೆ ಎಳೆದೆ. ನಾಲ್ಕು ಶಬ್ದಕ್ಕೂ. ಹಡಗು ಬಂದು ಊರು ಸುಟ್ಟರೆ? ಕಾಗದ ಬಿಟ್ಟವನು ನೀನೇ ಎಂದು ನನ್ನನ್ನು ಗಲ್ಲಿಗೆ ಹಾಕಿದರೆ? ದೇಯಿಗೆ ಈಗ ಆರು ತಿಂಗಳು.

ಇಸಿದೋರ್ ಪೊರ್ಬುಗಳು ಗೆರೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಕಾಗದ ಒಳಗೆ ಒಯ್ದರು.

೬ ನವೆಂಬರ್

ಬರೆಯಲು ಈಗ ಕೈ ಬಂತು.

ನಿನ್ನೆ ದೊರೆಸಾನಿಯನ್ನು ಕಚೇರಿಗೆ ತಂದರು. ಕೇಳಿ ಹೇಳಲು ನಾನು. ಇದನ್ನು ನಾನು ಯೋಚಿಸಿರಲೇ ಇಲ್ಲ.

“ಯಾವ ಹಡಗು ಅಂತ ಕೇಳಿ,” ಎಂದರು ಇನ್ಸ್‌ಪೆಕ್ಟರ್.

ಕೇಳುವುದು ಹೇಗೆ? “ಶಿಫ್?” ಎಂದೆ. ಹಡಗು. ಅಷ್ಟೇ.

ದೊರೆಸಾನಿ ಗಡಗಡ ಮಾತಾಡಿದರು. ಅಳುತ್ತ, ಕೈ ತಿರುಗಿಸುತ್ತ. ಒಂದಕ್ಷರ ತಿಳಿಯಲಿಲ್ಲ. ಇನ್ಸ್‌ಪೆಕ್ಟರ್ ನನ್ನನ್ನೇ ನೋಡುತ್ತಿದ್ದರು.

“ಎಂತ ಹೇಳಿದರು?”

ದೊರೆಸಾನಿ ನನ್ನ ಮುಖ ನೋಡಿದರು. ಮೇಜಿನ ಮೇಲೆ ಅವರ ಕಾಗದ. ಕೆಂಪು ಗೆರೆ ನೋಡಿದರು, ನನ್ನ ಜೇಬಿನ ಪೆನ್ಸಿಲು ನೋಡಿದರು. ಎರಡೂ ತಿಳಿಯಿತು ಅವರಿಗೆ — ಗೆರೆ ಯಾರದು ಎಂದು, ನನಗೆ ಏನೂ ಬರುವುದಿಲ್ಲ ಎಂದು.

ಅವರು ಸುಮ್ಮನೆ ಕೂತರೆ ಸಾಕಿತ್ತು. ನಾನು ಅಲ್ಲಿಗೆ ಮುಗಿಯುತ್ತಿದ್ದೆ.

ಕಣ್ಣು ಒರೆಸಿಕೊಂಡರು. ಮತ್ತೆ ಬಾಯಿ ತೆರೆದರು. ಈ ಸಲ ನಿಧಾನ. ಒಂದೊಂದೇ ಶಬ್ದ. ಮುಟ್ಟರ್ — ತಾಯಿ. ಅದು ಮೊದಲ ವರ್ಷದ ಹಾಡಿನದು. ಒಂಟಿ — ಅದು ಹಕ್ಕಿಯ ಹಾಡಿನದು. ಸಮುದ್ರ. ಕಿಟಕಿ. ದೀಪ. ಪ್ರತಿ ರಾತ್ರಿ. ಹಡಗು ಬರುವುದಿಲ್ಲ. ಕಾಯುವುದು… ನನಗೆ ಕಲಿಸಿದ ಹಾಡುಗಳಿಂದ ಹುಡುಕಿ ಹುಡುಕಿ ತೆಗೆದು ಮುಂದಿಟ್ಟರು. ಮಗುವಿಗೆ ತುತ್ತು ಕೊಟ್ಟ ಹಾಗೆ.

“ಅವರ ತಾಯಿ ಒಬ್ಬರೇ ಇದ್ದಾರೆ ಸರ್. ಕಡಲಿನ ಹತ್ತಿರ. ರಾತ್ರಿ ಕಿಟಕಿಯಲ್ಲಿ ದೀಪ ಇಟ್ಟು ಮಗಳಿಗೆ ಕಾಯ್ತಾರೆ. ಈಗ ಹಡಗು ಇಲ್ಲ.”

“ದೀಪ ಯಾವ ಮನೆಯಲ್ಲಿ? ಇಲ್ಲಿಯಾ?”

“ಹೌಸ್… ವೈಟ್?” ಎಂದೆ. ಮನೆ, ದೂರ?

“ವೈಟ್,” ಎಂದರು. “ವೈಟ್, ವೈಟ್.” ಹಾಡಿನಲ್ಲಿ ಎಳೆಯುವ ಹಾಗೆಯೇ ಎಳೆದು ಹೇಳಿದರು.

ಇನ್ಸ್‌ಪೆಕ್ಟರ್ ಕಾಗದ ಮಡಚಿದರು. ದೊರೆಸಾನಿಯನ್ನು ಮನೆಗೆ ಬಿಟ್ಟರು. ನನ್ನ ಬೆನ್ನು ತಟ್ಟಿದರು.

ಹೊರಗೆ ಬಂದು ಪೆನ್ಸಿಲನ್ನು ಜೇಬಿನಿಂದ ತೆಗೆದು ಚೀಲದ ಅಡಿಗೆ ತುರುಕಿದೆ.

೧೪ ನವೆಂಬರ್

ಎಮ್ಡನ್ ಮುಗಿಯಿತಂತೆ. ಬಂದರಿನಲ್ಲಿ ಪಟಾಕಿ. ನನಗೆ ಮಾತ್ರ ಹೆದರಿಕೆ ಹೋಗಲಿಲ್ಲ. ಅದು ಈಗ ಹಡಗಿನದ್ದಲ್ಲ.

೧೬ ಫೆಬ್ರವರಿ ೧೯೧೫

ದೇಯಿಗೆ ಹೆಣ್ಣು ಮಗು. ಇಬ್ಬರೂ ಸೌಖ್ಯ.

ಇವತ್ತು ಹೆಂಗಸರನ್ನೂ ಕ್ಯಾಂಪಿಗೆ ಕಳಿಸಿದರು. ಸ್ಟೇಷನ್ನಿಗೆ ಹೋದೆ. ದೊರೆಸಾನಿ ಟ್ರಂಕಿನ ಮೇಲೆ ಕೂತಿದ್ದರು. ತುಂಬ ಬಡವಾಗಿದ್ದಾರೆ. ಕ್ಷಮಿಸಿ ಎನ್ನಲು ಒಂದು ಶಬ್ದ ಉಂಟು, ದೇವರ ಹಾಡಿನದು. ಹತ್ತಿರ ಹೋಗಿ ಹೇಳಿದೆ. “ಫೆರ್ಗಿಬ್.”

ಉಚ್ಚಾರ ತಪ್ಪಿತ್ತು. ತಿದ್ದಿದರು. ಇನ್ನೊಮ್ಮೆ ಎಂಬಂತೆ ಬೆರಳೆತ್ತಿದರು. ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿದರು. ಅದು ಶಬ್ದಕ್ಕೋ, ಬೇರೆಯದಕ್ಕೋ… ರೈಲು ಹೊರಟಿತು.

೨ ಮಾರ್ಚ್

ಆರ್ಡರ್ ಬಂದಿದೆ. ನಾನು ಕ್ಯಾಂಪಿಗೆ ಹೋಗಬೇಕು, ಅಲ್ಲಿನ ಎಲ್ಲ ಕಾಗದ ಓದಲು. ಮುನ್ನೂರು ಜನ. ‘ನುರಿತ ಭಾಷಾಂತರಕಾರ’ ಎಂದು ಬರೆದಿದ್ದಾರೆ.

ದೇಯಿಗೆ ಎಲ್ಲ ಹೇಳಿದೆ, ಗೆರೆಯ ವಿಷಯವೂ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. ಬೈಯಲಿಲ್ಲ.

“ಅಲ್ಲಿ ಇನ್ನೊಬ್ಬರ ಕಾಗದಕ್ಕೆ ಗೆರೆ ಎಳೀತೀರಿ. ಆಗ ಅವರಿಗೆ ನಿಮ್ಮ ಹಾಡು ಗೊತ್ತಿರುವುದಿಲ್ಲ,” ಎಂದಳು. ಮಗುವಿನ ಬಟ್ಟೆ ಸರಿಮಾಡಿ, “ನಿಮಗೆ ಹೆದರಿಕೆ ಆಗ್ತದಾ?”

“ಆಗ್ತದೆ.”

“ನನಗೂ. ಆದರೂ ಹೋಗಿ ಹೇಳಿ.”

೩ ಮಾರ್ಚ್. ಬೆಳಿಗ್ಗೆ ೧೦

ಕಚೇರಿಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅರ್ಜಿ ಇಸಿದೋರ್ ಪೊರ್ಬುಗಳ ಕೈಗೆ ಕೊಟ್ಟೆ. ‘ನನಗೆ ಜರ್ಮನ್ ಬರುವುದಿಲ್ಲ. ಸುಳ್ಳು ಹೇಳಿದ್ದೆ.’ ಓದಿದರು. ಮುಖ ಬಿಳುಚಿತು.

“ಹರಿದು ಹಾಕ್ತೇನೆ, ಮನೆಗೆ ಹೋಗಿ ನೋಣಯ್ಯ,” ಎಂದರು ಮೆಲ್ಲಗೆ. “ನಾನು ನೋಡಲೇ ಇಲ್ಲ.”

“ಬೇಡ ಪೊರ್ಬುಗಳೇ. ಒಳಗೆ ಕೊಡಿ.”

ಕೊಟ್ಟರು. ಬಾಗಿಲು ಮುಚ್ಚಿಕೊಂಡಿದೆ. ಒಳಗೆ ಮಾತು ನಡೆದಿದೆ, ಇಂಗ್ಲಿಷಿನಲ್ಲಿ. ನನ್ನ ಹೆಸರು ಎರಡು ಸಲ ಕೇಳಿತು. ಹೆದರಿಕೆ ಹೋಗಿಲ್ಲ. ಓಡುವ ಮನಸ್ಸು ಮಾತ್ರ ಇಲ್ಲ.

ಕುರ್ಚಿ ಸರಿಸಿದ ಸದ್ದು. ಬಾಗಿಲು ತೆರೆಯಿತು. ನನ್ನನ್ನು ಕರೆಯುತ್ತಿದ್ದಾರೆ—